ಏಳು ಕೋಣೆ, ನಾಲ್ಕು ಬಾಗಿಲು: ಕಾಸರಗೋಡು ಪೇಟೆಯ ಒಂದು ಹಂಚಿನ ಕಟ್ಟಡದ ಮರುನಿರ್ಮಾಣ

ಕಾಸರಗೋಡು ಪೇಟೆಯ ಹಳೆಯ ಮಾರುಕಟ್ಟೆ ಬದಿಯ ಒಂದು ಒಳರಸ್ತೆಯಲ್ಲಿ 2024ರ ಬೇಸಗೆಯ ತನಕ ನಿಂತಿದ್ದ ಏಳು ಕೋಣೆಗಳ ಹಂಚಿನ ಕಟ್ಟಡವನ್ನು ಕೆಡವಿ, ಅದೇ ಜಾಗದಲ್ಲಿ ಮೂರು ಅಂತಸ್ತಿನ ವಾಣಿಜ್ಯ ಕಟ್ಟಡವನ್ನು ಎಬ್ಬಿಸಿದ ಪ್ರಕರಣವಿದು. ಹೊಸ ಕಟ್ಟಡದ ನಕ್ಷೆ ಬರೆದವನು ನಾನು. ನನಗೆ ಸಂಬಳ ಕೊಟ್ಟವರು ಮಾಲೀಕರಾದ್ದರಿಂದ ಮುಂದೆ ಹೇಳುವುದನ್ನು ಆ ಕಡೆ ನಿಂತವನ ಮಾತೆಂದು ತಿಳಿದೇ ಓದಬೇಕು. ಬಾಡಿಗೆದಾರರಲ್ಲಿ ನಾಲ್ವರು ನನಗೆ ಮೊದಲೇ ಪರಿಚಿತರು, ಒಬ್ಬರು ನನ್ನ ಮದುವೆಯ ಕಾಗದವನ್ನು ಅಚ್ಚು ಹಾಕಿಕೊಟ್ಟವರು ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಬಹುದು. ಗುರುತು ಸಿಗಬಾರದೆಂದು ಹೆಸರುಗಳನ್ನೂ ರಸ್ತೆಯ ಹೆಸರನ್ನೂ ಬಿಟ್ಟಿದ್ದೇನೆ.

ಇಂಥ ತಕರಾರುಗಳನ್ನು ಪೇಟೆಯಲ್ಲಿ ಮಾಲೀಕರ ಆಸೆ, ಬಾಡಿಗೆದಾರರ ಹಠ ಎಂದು ಎರಡು ಮಾತಿನಲ್ಲಿ ಮುಗಿಸಿಬಿಡುವುದು ವಾಡಿಕೆ. ಈ ಪ್ರಕರಣದಲ್ಲಿ ಆಸೆಯೂ ಇತ್ತು, ಹಠವೂ ಇತ್ತು. ಆದರೆ ಗಂಟು ಬಿದ್ದದ್ದು ಅವೆರಡರಿಂದಲ್ಲ, ರಸ್ತೆಗೆ ತೆರೆದ ಮುಖದ ಅಳತೆಯಿಂದ. ಏಳು ಬಾಗಿಲು ಇದ್ದಲ್ಲಿ ಹೊಸ ನಕ್ಷೆಯಲ್ಲಿ ನಾಲ್ಕೇ ಬಾಗಿಲು ಬಂದವು. ಉಳಿದ ಮೂರು ಎಲ್ಲಿಗೆ ಹೋದವು ಎಂಬ ಲೆಕ್ಕ ಬಿಡಿಸುವುದಕ್ಕೆ ಎರಡು ವರ್ಷ ಬೇಕಾಯಿತು.

ಹಳೆಯ ಕಟ್ಟಡ

ಜಾಗ ಸುಮಾರು 14 ಸೆಂಟ್ಸ್. ರಸ್ತೆಗೆ 28 ಮೀಟರ್ ಮುಖ, 20 ಮೀಟರ್ ಆಳ. ಕೆಂಪುಕಲ್ಲಿನ ಗೋಡೆ, ಸುಣ್ಣದ ಗಾರೆ, ಹಲಸಿನ ಮರದ ಪಕ್ಕಾಸು, ಮೇಲೆ ಮಂಗಳೂರು ಹಂಚು. ಒಂದೊಂದು ಕೋಣೆಯೂ 4 ಮೀಟರ್ ಅಗಲ, 8 ಮೀಟರ್ ಆಳ. ಅಂದರೆ ಏಳು ಕೋಣೆ ಸೇರಿ ಒಂದು ಗಡಿಕಲ್ಲಿನಿಂದ ಇನ್ನೊಂದು ಗಡಿಕಲ್ಲಿನ ತನಕ ಒಂದಂಗುಲವೂ ಬಿಡದೆ ಕಟ್ಟಿದ್ದರು. ಮುಂದೆ ಎರಡು ಮೆಟ್ಟಿಲಿನ ಜಗಲಿ, ಅದರ ಮೇಲೆ ಇಳಿದ ಮಾಡಿನ ಅಂಚು ನೇರ ರಸ್ತೆಯ ಮೇಲೆಯೇ ಬಾಗಿತ್ತು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಆ ಅಂಚಿನ ಕೆಳಗೆ ನಿಲ್ಲದ ಪೇಟೆಯವರು ಕಡಿಮೆ. ಹಿಂದೆ ಬಾವಿ, ಒಂದು ಹಲಸಿನ ಮರ ಮತ್ತು ಮುಂದೆ ದೊಡ್ಡ ಮಾತಿಗೆ ಕಾರಣವಾಗಲಿದ್ದ ಒಂದು ಕೊಟ್ಟಗೆ.

ಕಟ್ಟಡಕ್ಕೆ ಎಷ್ಟು ವರ್ಷವಾಯಿತೆಂಬುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಪಾಲುದಾರರಲ್ಲಿ ಒಬ್ಬರು ಒಂದು ಹಂಚನ್ನು ಮಗುಚಿ ಹಿಂಭಾಗದ ಅಚ್ಚಿನಲ್ಲಿ 1865 ಎಂದಿರುವುದನ್ನು ನನಗೆ ತೋರಿಸಿ, ಕಟ್ಟಡ ಅಷ್ಟು ಹಳೆಯದು, ಆದ್ದರಿಂದ ಬೀಳುವ ಸ್ಥಿತಿಯಲ್ಲಿದೆ ಎಂದು ವಾದಿಸಿದರು. ಅದು ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ವರ್ಷ. ಎಷ್ಟೋ ದಶಕಗಳ ಬಳಿಕ ಸುಟ್ಟ ಹಂಚಿನ ಮೇಲೂ ಅದೇ ಅಂಕೆ ಇರುತ್ತದೆ. ಇದನ್ನು ಹೇಳಿದಾಗ ಅವರಿಗೆ ಅಷ್ಟೇನೂ ಸಂತೋಷವಾಗಲಿಲ್ಲ.

ಏಳು ಕೋಣೆಗಳಲ್ಲಿ ಕ್ರಮವಾಗಿ ಜವಳಿ ಅಂಗಡಿ, ಜೀನಸು ಅಂಗಡಿ, ಹೋಟೆಲು, ಕನ್ನಡ ಆಮಂತ್ರಣ ಪತ್ರಿಕೆಗಳನ್ನೂ ರಶೀದಿ ಪುಸ್ತಕಗಳನ್ನೂ ಅಚ್ಚು ಹಾಕುವ ಒಂದು ಪ್ರೆಸ್, ಗಡಿಯಾರ ರಿಪೇರಿಯವರು, ಅಡಕೆ ವ್ಯಾಪಾರಿ, ಕೊನೆಯ ಕೋಣೆಯಲ್ಲಿ ಟೈಲರ್ ಇದ್ದರು. ಆರು ಕಡೆ ಶಟರು ಬಂದಿತ್ತು. ಜೀನಸು ಅಂಗಡಿಯಲ್ಲಿ ಮಾತ್ರ ಹಲಗೆ ಬಾಗಿಲು ಉಳಿದಿತ್ತು. ಒಂಬತ್ತು ಹಲಗೆಗಳು, ಒಂದೊಂದರ ಮೇಲ್ತುದಿಯಲ್ಲಿ ಉಳಿಯಿಂದ ಕೆತ್ತಿದ ಕನ್ನಡ ಅಂಕೆ. ಏಳನೆಯದು ಯಾವುದೋ ಮಳೆಗಾಲದಲ್ಲಿ ಗೆದ್ದಲು ಹಿಡಿದು ಹೋಗಿ, ಅದರ ಜಾಗಕ್ಕೆ ಅಂಕೆಯಿಲ್ಲದ ಪ್ಲೈವುಡ್ ತುಂಡು ಬಂದಿತ್ತು. ಬೆಳಗ್ಗೆ ಒಂಬತ್ತನೆಯ ಹಲಗೆಯಿಂದ ಒಂದನೆಯದರ ತನಕ ಇಳಿಸುವುದು, ರಾತ್ರಿ ಒಂದನೆಯದರಿಂದ ಒಂಬತ್ತನೆಯದರ ತನಕ ಏರಿಸಿ ಕೊನೆಯ ಹಲಗೆಗೆ ಬೀಗ ಹಾಕುವುದು; ಇದಕ್ಕೆ ಅಂಗಡಿಯವರಿಗೆ ನಾಲ್ಕು ನಿಮಿಷ ಸಾಕಾಗುತ್ತಿತ್ತು.

ಬಾಡಿಗೆ 900ರಿಂದ 2,400 ರೂಪಾಯಿ. ಏಳೂ ಸೇರಿ ತಿಂಗಳಿಗೆ 11,600. ಹಕ್ಕುದಾರರು ಒಂಬತ್ತು ಮಂದಿ. ಸಮಪಾಲು ಎಂದಿಟ್ಟರೂ ಒಬ್ಬರಿಗೆ 1,300 ರೂಪಾಯಿ ಮುಟ್ಟುವುದಿಲ್ಲ. ಎರಡು ವರ್ಷಕ್ಕೊಮ್ಮೆ ಹಂಚು ತೆಗೆದು ರೀಪು ಬದಲಿಸಿ ಮತ್ತೆ ಹೊದಿಸುವ ಖರ್ಚನ್ನು ಕಳೆದರೆ ಉಳಿಯುವುದು ಇನ್ನೂ ಕಡಿಮೆ. ಹಕ್ಕುದಾರರಲ್ಲಿ ಊರಿನಲ್ಲಿದ್ದವರು ಹಿರಿಯವರಾದ ಒಬ್ಬ ನಿವೃತ್ತ ಮಾಷ್ಟ್ರು ಮಾತ್ರ. ಉಳಿದವರು ಬೆಂಗಳೂರು, ಮುಂಬೈ, ಗಲ್ಫ್ ಎಂದು ಚದುರಿದ್ದರು. ಅವರೆಲ್ಲರಿಂದ ಮುಖ್ತಾರುನಾಮೆ, ಅಂದರೆ ಅವರ ಪರವಾಗಿ ಸಹಿ ಹಾಕುವ ಅಧಿಕಾರಪತ್ರ, ತರಿಸಿಕೊಳ್ಳುವ ಕತೆ ಉದ್ದವಾದರೂ ಅದರಲ್ಲಿ ವಿಶೇಷವೇನಿಲ್ಲ.

ಯಾಕೆ ಈಗ

ಈ ಕಟ್ಟಡ ಹೆದ್ದಾರಿಯ ಮೇಲಿರಲಿಲ್ಲ. ಆದರೆ ಅದನ್ನು ಕೆಡವುವ ಯೋಚನೆ ಬಂದದ್ದು ಹೆದ್ದಾರಿಯಿಂದಲೇ. ರಾಷ್ಟ್ರೀಯ ಹೆದ್ದಾರಿ 66ನ್ನು ಕೇರಳದಲ್ಲಿ 45 ಮೀಟರ್ ಅಗಲದಲ್ಲಿ ಆರು ಪಥವಾಗಿ ಕಟ್ಟುವಾಗ ಅದರ ಮೊದಲ ತುಂಡು ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್. ಕಾಸರಗೋಡು ಪೇಟೆಯಲ್ಲಿ ಕರಂದಕ್ಕಾಡಿನಿಂದ ನುಳ್ಳಿಪ್ಪಾಡಿಯ ತನಕ ಒಂಟಿ ಕಂಬಗಳ ಸಾಲಿನ ಮೇಲೆ 1.1 ಕಿಲೋಮೀಟರಿನಷ್ಟು ಉದ್ದದ ಮೇಲ್ಸೇತುವೆ ಎದ್ದಿತು. ರಸ್ತೆಯ ಬದಿಯಲ್ಲಿದ್ದ ಅಂಗಡಿಗಳಲ್ಲಿ ಕೆಲವು ಪೂರ್ತಿ ಹೋದವು, ಕೆಲವಕ್ಕೆ ಮುಂಭಾಗವಷ್ಟೇ ಹೋಗಿ ಹಿಂಭಾಗ ಉಳಿಯಿತು. ಜಾಗ ಕೊಟ್ಟವರಿಗೆ 2013ರ ಭೂಸ್ವಾಧೀನ ಕಾಯ್ದೆಯ ಲೆಕ್ಕದಲ್ಲಿ ಮಾರುಕಟ್ಟೆ ಬೆಲೆಯ ಮೇಲೆ ಅಷ್ಟೇ ಮೊತ್ತದ ಸಾಂತ್ವನಧನವೂ ಸಿಕ್ಕಿದ್ದರಿಂದ ಕೈಯಲ್ಲಿ ಹಣವಿದ್ದವರೂ, ಅಂಗಡಿ ಕಳೆದುಕೊಂಡು ಕೋಣೆ ಹುಡುಕುವವರೂ ಒಂದೇ ಸಮಯದಲ್ಲಿ ಪೇಟೆಯ ಒಳರಸ್ತೆಗಳಿಗೆ ತಿರುಗಿದರು. ಮಾಷ್ಟ್ರ ಬಳಿಗೆ 2021ರಲ್ಲಿ ಬಂದ ಒಬ್ಬರು, ದೊಡ್ಡ ಮಳಿಗೆಯೊಂದನ್ನು ಕಟ್ಟಿಕೊಟ್ಟರೆ ಅದೊಂದಕ್ಕೇ ಏಳು ಕೋಣೆಗಳ ಒಟ್ಟು ಬಾಡಿಗೆಯ ನಾಲ್ಕು ಪಟ್ಟು ಕೊಡುತ್ತೇನೆ ಎಂದರು. ಮಾತು ಅಲ್ಲಿಂದ ಶುರುವಾಯಿತು.

ನೋಟಿಸು ಮತ್ತು ಎರಡು ತಪ್ಪು ತಿಳಿವಳಿಕೆಗಳು

ಮೊದಲ ನೋಟಿಸು ಸ್ವಂತ ಅಗತ್ಯದ ಹೆಸರಿನಲ್ಲಿ ಹೋಯಿತು: ಮನೆಯ ಮೊಮ್ಮಗನೊಬ್ಬ ವ್ಯಾಪಾರ ಮಾಡಲಿದ್ದಾನೆ, ಕೋಣೆ ಖಾಲಿ ಮಾಡಿ ಎಂದು. ಇದು ಸಲಹೆಯ ತಪ್ಪು. ಕೇರಳದ 1965ರ ಕಟ್ಟಡ ಗೇಣಿ ಮತ್ತು ಬಾಡಿಗೆ ನಿಯಂತ್ರಣ ಕಾಯ್ದೆಯ 11ನೇ ಕಲಮು ಖಾಲಿ ಮಾಡಿಸುವ ಕಾರಣಗಳನ್ನು ಒಂದೊಂದಾಗಿ ಹೇಳುತ್ತದೆ. ಸ್ವಂತ ಅಗತ್ಯ ಅವುಗಳಲ್ಲಿ ಒಂದು. ಆದರೆ ಬಾಡಿಗೆದಾರನ ಜೀವನ ಮುಖ್ಯವಾಗಿ ಆ ಕೋಣೆಯ ವ್ಯಾಪಾರದಿಂದಲೇ ನಡೆಯುತ್ತಿದ್ದು, ಹತ್ತಿರದಲ್ಲಿ ಸರಿಹೊಂದುವ ಬೇರೆ ಕೋಣೆ ಸಿಗದಿದ್ದರೆ ಆ ಕಾರಣ ನಿಲ್ಲುವುದಿಲ್ಲ. ಹೆದ್ದಾರಿಯ ಕೆಲಸದಿಂದ ಪೇಟೆಯಲ್ಲಿ ಖಾಲಿ ಕೋಣೆಯೇ ಇಲ್ಲದಿದ್ದ ಕಾಲದಲ್ಲಿ ಏಳು ಮಂದಿಯೂ ಇದನ್ನು ಸುಲಭವಾಗಿ ತೋರಿಸಿಕೊಡಬಹುದಿತ್ತು.

ಜವಳಿ ಅಂಗಡಿಯವರ ಬಳಿ ಇನ್ನೂ ಗಟ್ಟಿಯಾದ ಒಂದು ಕಾಗದವಿತ್ತು. ಅಜ್ಜನ ಕಾಲದ ಲೆಕ್ಕದ ಪುಸ್ತಕದಲ್ಲಿ 1938ರ ಬಾಡಿಗೆ ಸಂದಾಯವಾದದ್ದು ತಿಂಗಳು ತಿಂಗಳಿಗೂ ಬರೆದಿತ್ತು. 1940ರ ಏಪ್ರಿಲ್ 1ರಿಂದ ಬಿಡದೆ ಬಾಡಿಗೆಯಲ್ಲಿರುವವರನ್ನು ಮಾಲೀಕನ ಸ್ವಂತ ಅಗತ್ಯಕ್ಕಾಗಿ ಎಬ್ಬಿಸುವಂತಿಲ್ಲ ಎಂದು ಅದೇ 11ನೇ ಕಲಮಿನ 17ನೇ ಉಪಕಲಮು ಹೇಳುತ್ತದೆ. ಅವರು ಆ ಪುಸ್ತಕವನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ, ಮಳಿಗೆಯಲ್ಲಿ ಕಾಣುವ ಹಾಗೆ ಇಟ್ಟಿದ್ದರು. “ಇದು ಇರುವ ತನಕ ಯಾರೂ ಏನೂ ಮಾಡಲಿಕ್ಕಿಲ್ಲ ಇಂಜಿನಿಯರ್ರೇ” ಎಂದು ನನಗೆ ಹೇಳಿದ್ದು ನೆನಪಿದೆ. ಅವರ ತಿಳಿವಳಿಕೆಯೂ ತಪ್ಪೇ. ಆ ರಕ್ಷಣೆ ಸ್ವಂತ ಅಗತ್ಯಕ್ಕೆ ಮಾತ್ರ ಸಲ್ಲುತ್ತದೆ. ಮರುನಿರ್ಮಾಣಕ್ಕಾಗಿ ಖಾಲಿ ಮಾಡಿಸುವ ಅರ್ಜಿಯ ಮುಂದೆ 1938ರ ಪುಸ್ತಕ ಒಂದು ಹಳೆಯ ಪುಸ್ತಕವಷ್ಟೆ.

ಮಾಲೀಕರು ವಕೀಲರನ್ನು ಬದಲಿಸಿದರು. ಹೊಸ ವಕೀಲರು ಆ ನೋಟಿಸನ್ನು ಕೈಬಿಟ್ಟು, 11ನೇ ಕಲಮಿನ 4ನೇ ಉಪಕಲಮಿನಲ್ಲಿರುವ ಮರುನಿರ್ಮಾಣದ ಕಾರಣವನ್ನು ಹಿಡಿದರು. ಈ ಪ್ರಕರಣಕ್ಕೆ ಆ ಕಾರಣವೇ ಬೆನ್ನೆಲುಬಾದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಟ್ಟಡ ಮರುನಿರ್ಮಾಣ ಬೇಡುವ ಸ್ಥಿತಿಯಲ್ಲಿರಬೇಕು. ಮಾಲೀಕನ ಬಳಿ ನಕ್ಷೆಯೂ ಬೇಕಾದ ಪರವಾನಿಗೆಯೂ ಕಟ್ಟುವ ತಾಕತ್ತೂ ಇರಬೇಕು. ಇದು ಬಾಡಿಗೆದಾರನನ್ನು ಎಬ್ಬಿಸುವ ನೆಪವಾಗಿರಬಾರದು. ಇಷ್ಟನ್ನು ತೋರಿಸಿ ಕೋಣೆ ಖಾಲಿ ಮಾಡಿಸಿಕೊಂಡವರ ಮೇಲೆ ಋಣವೊಂದು ಉಳಿಯುತ್ತದೆ: ಎದ್ದು ಹೋದ ಬಾಡಿಗೆದಾರನಿಗೆ ಹೊಸ ಕಟ್ಟಡದಲ್ಲಿ ಕೋಣೆ ಪಡೆಯುವ ಮೊದಲ ಆಯ್ಕೆಯಿದೆ, ನ್ಯಾಯವಾದ ಬಾಡಿಗೆ ಕೊಡಬೇಕೆಂಬ ಷರತ್ತಿನೊಂದಿಗೆ.

ಓದಲಿಕ್ಕೆ ಇದು ಬಾಡಿಗೆದಾರನ ಪರವಾಗಿಯೇ ಇದೆ. ಕೈಗೆ ತೆಗೆದುಕೊಂಡು ನೋಡಿದರೆ ಮೂರು ಕಡೆ ಪೊಳ್ಳು. ಹೇಳಿದ ಅವಧಿಯಲ್ಲಿ ಕಟ್ಟದೆ ಬೇಕೆಂದೇ ಬಿಟ್ಟ ಮಾಲೀಕನಿಗೆ ಕಾಯ್ದೆ ವಿಧಿಸುವ ದಂಡ 500 ರೂಪಾಯಿ. 1965ರಲ್ಲಿ ಅದು ಮೊತ್ತವಾಗಿದ್ದಿರಬಹುದು, ಈಗ ಎರಡು ಚೀಲ ಸಿಮೆಂಟಿಗೂ ಸಾಲುವುದು ಕಷ್ಟ. ಬಾಡಿಗೆದಾರನನ್ನು ಮತ್ತೆ ಒಳಗೆ ಕೂರಿಸುವ ಅಧಿಕಾರ ನ್ಯಾಯಾಲಯಕ್ಕಿದೆ ನಿಜ, ಆದರೆ ಒಳಗೆ ಕೂರಿಸುವುದಕ್ಕೆ ಮೊದಲು ಒಳಗೆ ಎಂಬುದೊಂದು ಇರಬೇಕಲ್ಲ. ಎರಡನೆಯದಾಗಿ, ನ್ಯಾಯವಾದ ಬಾಡಿಗೆ ಎಷ್ಟೆಂದು ಲೆಕ್ಕ ಹಾಕಲು ಕಾಯ್ದೆಯಲ್ಲಿದ್ದ ಕಲಮುಗಳನ್ನು ಕೇರಳ ಹೈಕೋರ್ಟ್ 1995ರಲ್ಲಿ ರದ್ದುಪಡಿಸಿದ್ದರಿಂದ ಸೂತ್ರ ಹೋಗಿ ಮಾತು ಮಾತ್ರ ಉಳಿದಿದೆ. ಮೊತ್ತ ಕೊನೆಗೆ ಅಕ್ಕಪಕ್ಕದ ಬಾಡಿಗೆಯನ್ನು ನೋಡಿ ನಿಲ್ಲುತ್ತದೆ. ಮೂರನೆಯದು ನಕ್ಷೆ ಬರೆಯುವವನಿಗೆ ಮಾತ್ರ ಕಾಣುವಂಥದು. ಮೊದಲ ಆಯ್ಕೆ ಇದೆ ಎಂದರಾಯಿತೇ? ಯಾವ ಅಂತಸ್ತಿನಲ್ಲಿ, ಯಾವ ಬಾಗಿಲಿನಲ್ಲಿ, ಎಷ್ಟು ಅಗಲದ್ದು?

ಮುಖದ ಲೆಕ್ಕ

ಹಳೆಯ ಕಟ್ಟಡ ಈಗಿನ ಯಾವ ನಿಯಮವೂ ಇಲ್ಲದ ಕಾಲದ್ದು, ಆದ್ದರಿಂದ ರಸ್ತೆಯ ಅಂಚಿನಲ್ಲೇ ನಿಂತಿತ್ತು. ಹೊಸದಕ್ಕೆ 2019ರ ಕೇರಳ ಮುನಿಸಿಪಾಲಿಟಿ ಕಟ್ಟಡ ನಿಯಮಗಳು ಅನ್ವಯಿಸುತ್ತವೆ. ಮುಂದೆ 3 ಮೀಟರ್ ಬಿಡಬೇಕು. ಅಂತಸ್ತುಗಳ ವಿಸ್ತೀರ್ಣಕ್ಕೆ ತಕ್ಕ ಪಾರ್ಕಿಂಗ್ ಬೇಕು. ಅದನ್ನು ಹಿಂಭಾಗದಲ್ಲಲ್ಲದೆ ಇನ್ನೆಲ್ಲೂ ಕೂಡಿಸಲಾಗದ್ದರಿಂದ ವಾಹನ ಹೋಗಲು ಒಂದು ಬದಿಯಲ್ಲಿ 4 ಮೀಟರ್ ದಾರಿ ಇಟ್ಟೆ. ಇನ್ನೊಂದು ಬದಿಯಲ್ಲಿ ಒಂದೂವರೆ ಮೀಟರ್ ಬಿಟ್ಟೆ. 28ರಲ್ಲಿ 5.5 ಹೋಗಿ 22.5 ಉಳಿಯಿತು. ಮೆಟ್ಟಿಲು ಮತ್ತು ಲಿಫ್ಟಿಗೆಂದು ಮುಂಭಾಗದಿಂದಲೇ 4.5 ಮೀಟರ್ ತೆಗೆದೆ. ಉಳಿದ 18 ಮೀಟರನ್ನು ನಾಲ್ಕಾಗಿ ಭಾಗ ಮಾಡಿ, ತಲಾ 4.5 ಮೀಟರ್ ಅಗಲದ ನಾಲ್ಕು ಮಳಿಗೆಗಳನ್ನು ತೋರಿಸಿದೆ. ಕಾಗದದ ಮೇಲೆ ಚೆನ್ನಾಗಿ ಕಾಣುತ್ತಿತ್ತು.

ಆ ನಕ್ಷೆಯನ್ನು ಬರೆಯುವಾಗ ಒಳಗೆ ಎಷ್ಟು ಮಂದಿ ಬಾಡಿಗೆದಾರರಿದ್ದಾರೆ ಎಂದು ನಾನು ಕೇಳಲಿಲ್ಲ. ಕಟ್ಟಡವನ್ನು ಅಳೆಯಲು ಹೋದಾಗ ಏಳು ಕೋಣೆಗಳನ್ನೂ ಟೇಪು ಹಿಡಿದು ಅಳೆದವನು ನಾನೇ, ಏಳು ಮಂದಿಯೂ ಕಣ್ಣೆದುರಿಗೇ ಇದ್ದರು, ಹೋಟೆಲಿನವರು ಚಹಾ ಕೊಟ್ಟಿದ್ದರು. ಆದರೂ ಏಳನ್ನು ಹೊಸ ನಕ್ಷೆಗೆ ಒಯ್ಯಬೇಕೆಂದು ತೋಚಲಿಲ್ಲ. ಅರ್ಜಿಯ ಜೊತೆ ಆ ನಕ್ಷೆ ನ್ಯಾಯಾಲಯಕ್ಕೆ ಹೋದಾಗ ಬಾಡಿಗೆದಾರರ ವಕೀಲರು ಎತ್ತಿದ ಮೊದಲ ಪ್ರಶ್ನೆಯೇ ಇದು: ಏಳು ಮಂದಿಗೆ ಮೊದಲ ಆಯ್ಕೆ ಇರುವಲ್ಲಿ ನೆಲಮಟ್ಟದಲ್ಲಿ ನಾಲ್ಕೇ ಮಳಿಗೆ ತೋರಿಸಿದ ನಕ್ಷೆ, ಎಬ್ಬಿಸುವ ನೆಪವಲ್ಲದೆ ಮತ್ತೇನು? ಉಳಿದವರಿಗೆ ಮೇಲಿನ ಅಂತಸ್ತು ಇದೆಯಲ್ಲ ಎಂದು ಮಾಲೀಕರ ಕಡೆಯವರು ಹೇಳಿದರು. ಮೇಲಂತಸ್ತಿಗೆ ದಂತವೈದ್ಯರ ಬಳಿಗೆ ಜನ ಹತ್ತುತ್ತಾರೆ, ಅರ್ಧ ಕಿಲೋ ಸಕ್ಕರೆಗೆ ಹತ್ತುವುದಿಲ್ಲ.

ನ್ಯಾಯಾಲಯ ನೇಮಿಸಿದ ಕಮಿಷನರ್ ಬಂದು ನೋಡಿ ಕೊಟ್ಟ ವರದಿ ಎರಡೂ ಕಡೆಯವರಿಗೆ ಅರ್ಧರ್ಧ ಸಲ್ಲುವಂತಿತ್ತು. ಕೆಂಪುಕಲ್ಲಿನ ಗೋಡೆಗಳು ಪಡುಬದಿಯ ಒಂದನ್ನು ಬಿಟ್ಟರೆ ಗಟ್ಟಿಯಾಗಿದ್ದವು. ಮಾಡಿನ ಮರ ಮೂರು ಕೋಣೆಗಳಲ್ಲಿ ಕೈಯಿಂದ ಒತ್ತಿದರೆ ಪುಡಿಯಾಗುವಂತಿತ್ತು. ಗೋಡೆ ಗಟ್ಟಿ, ಮಾಡು ಲಡ್ಡು ಎಂದಾದಾಗ ಕಟ್ಟಡ ಮರುನಿರ್ಮಾಣ ಬೇಡುತ್ತದೋ ಬರೇ ರಿಪೇರಿ ಬೇಡುತ್ತದೋ ಎಂಬ ಪ್ರಶ್ನೆಗೆ ತೀರ್ಪು ಏನು ಬರುತ್ತಿತ್ತೋ ಹೇಳಲಾಗದು. ಕೆಳಗೆ ಸೋತವರು ಮೇಲ್ಮನವಿಗೆ ಜಿಲ್ಲಾ ಮಟ್ಟಕ್ಕೆ, ಅಲ್ಲಿಂದ ಹೈಕೋರ್ಟಿಗೆ ಹೋಗುವುದಂತೂ ಖಂಡಿತವಿತ್ತು. ದೊಡ್ಡ ಮಳಿಗೆ ಕೇಳಿದವರು ಅಷ್ಟು ವರ್ಷ ಕಾಯುವವರಲ್ಲ ಎಂಬುದು ಮಾಷ್ಟ್ರಿಗೆ ಗೊತ್ತಿತ್ತು, ಮಾಷ್ಟ್ರಿಗೆ ಗೊತ್ತಿದೆ ಎಂಬುದು ಬಾಡಿಗೆದಾರರಿಗೂ ಗೊತ್ತಿತ್ತು.

ಹುಲ್ಲಿನ ಕೊಟ್ಟಗೆ

ಅಷ್ಟರಲ್ಲಿ ಪ್ರೆಸ್ಸಿನವರು ಹೊಸ ವಾದವೊಂದನ್ನು ಮುಂದಿಟ್ಟರು. ಹಿಂದಿನ ಹಂಚಿನ ಕೊಟ್ಟಗೆಯಲ್ಲಿ ಅವರ ಕಾಗದದ ದಾಸ್ತಾನು ಮತ್ತು ಕತ್ತರಿಸುವ ಯಂತ್ರ ಇದ್ದವು. ಜಾಗವನ್ನು ಮಾತ್ರ ಬಾಡಿಗೆಗೆ ಪಡೆದು ಆ ಕೊಟ್ಟಗೆಯನ್ನು ತಮ್ಮ ತಂದೆ 1962ರಲ್ಲಿ ಸ್ವಂತ ಖರ್ಚಿನಿಂದ ಕಟ್ಟಿದ್ದು ಎಂದು ಅವರು ಹೇಳಿದರು. ಇದು ಸಣ್ಣ ಮಾತಲ್ಲ. ವ್ಯಾಪಾರಕ್ಕೆಂದು ಗೇಣಿಗೆ ಪಡೆದ ಜಾಗದಲ್ಲಿ ಗೇಣಿದಾರನೇ 1967ರ ಮೇ 20ಕ್ಕೆ ಮೊದಲು ಕಟ್ಟಡ ಕಟ್ಟಿದ್ದರೆ ಅವನನ್ನು ಆ ಜಾಗದಿಂದ ಎಬ್ಬಿಸುವಂತಿಲ್ಲ, ಬಾಡಿಗೆಯನ್ನು 12 ವರ್ಷಕ್ಕೊಮ್ಮೆ ಬದಲಿಸಬಹುದು ಎಂದಷ್ಟೇ ಕೇರಳ ಭೂಸುಧಾರಣಾ ಕಾಯ್ದೆಯ 106ನೇ ಕಲಮು ಹೇಳುತ್ತದೆ. ನನ್ನ ನಕ್ಷೆಯ ಪಾರ್ಕಿಂಗ್ ಇದ್ದದ್ದು ಸರಿಯಾಗಿ ಅದೇ ಕೊಟ್ಟಗೆಯ ಮೇಲೆ.

ಮಾಲೀಕರು 1954ರ ವಿಭಾಗಪತ್ರವನ್ನು ಹೊರತೆಗೆದರು. ಕಾಸರಗೋಡು ಆಗ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಪತ್ರ ಕನ್ನಡದಲ್ಲೇ ಇದೆ, ಅಕ್ಷರ ದುಂಡಗೆ ಓದಲು ಬರುತ್ತದೆ. ಅದರಲ್ಲಿ ಕಟ್ಟಡದ ಹಿಂದೆ ‘ಹುಲ್ಲಿನ ಕೊಟ್ಟಗೆ’ ಒಂದಿದೆಯೆಂದು ಬರೆದಿತ್ತು. 1954ರಲ್ಲೇ ಇದ್ದದ್ದನ್ನು 1962ರಲ್ಲಿ ಕಟ್ಟುವುದು ಹೇಗೆ ಎಂದು ಮಾಲೀಕರ ವಾದ. ಪತ್ರವನ್ನು ಮಲಯಾಳಕ್ಕೆ ಅನುವಾದಿಸಿದವರು ಅದನ್ನು ಹುಲ್ಲು ತುಂಬಿಡುವ ಕೊಟ್ಟಗೆ ಎಂದು ಮಾಡಿದ್ದರು. ಪ್ರೆಸ್ಸಿನವರು ಅದನ್ನು ಒಪ್ಪಲಿಲ್ಲ: ಹುಲ್ಲಿನ ಕೊಟ್ಟಗೆ ಎಂದರೆ ಹುಲ್ಲು ಹೊದಿಸಿದ ಕೊಟ್ಟಗೆ, ಅದು ಬಿದ್ದುಹೋದ ಮೇಲೆ ಕಲ್ಲಿನ ಗೋಡೆ ಎಬ್ಬಿಸಿ ಹಂಚು ಹಾಕಿಸಿದ್ದು ತಂದೆಯವರೇ ಎಂದರು. ನಮ್ಮ ಕಡೆಯ ಮಾತಿನಲ್ಲಿ ಮಾಡಿಗೆ ಹೊದಿಸುವುದು ಮುಳಿ, ದನಕ್ಕೆ ಹಾಕುವುದು ಬೈಹುಲ್ಲು. ಪತ್ರ ಬರೆದವರು ಆ ಎರಡರಲ್ಲಿ ಒಂದನ್ನು ಬರೆದಿದ್ದರೆ ಸಾಕಿತ್ತು. ಬರೇ ಹುಲ್ಲು ಎಂದು ಬಿಟ್ಟರು. ಎಪ್ಪತ್ತು ವರ್ಷದ ಬಳಿಕ ಇಬ್ಬರು ವಕೀಲರೂ ಒಬ್ಬ ಅನುವಾದಕರೂ ಒಬ್ಬ ನಕ್ಷೆಗಾರನೂ ಅರ್ಧ ದಿನ ಕೂತು ಹುಲ್ಲು ಯಾವುದೆಂದು ಚರ್ಚೆ ಮಾಡಿದೆವು.

ಕೊಟ್ಟಗೆಯನ್ನು ನಾನು ಮತ್ತೊಮ್ಮೆ ಹೋಗಿ ನೋಡಿದೆ. ಮುಂದಿನ ಕಟ್ಟಡಕ್ಕೆ ಸುಣ್ಣದ ಗಾರೆ, ಕೊಟ್ಟಗೆಗೆ ಸಿಮೆಂಟಿನ ಗಾರೆ. ಕಲ್ಲಿನ ಅಳತೆಯೂ ಬೇರೆ. ಎರಡೂ ಒಂದೇ ಕಾಲದವಲ್ಲ ಎಂಬುದರಲ್ಲಿ ಸಂಶಯವಿರಲಿಲ್ಲ. ಯಾರ ಹಣದಿಂದ ಕಟ್ಟಿದ್ದು ಎಂಬುದನ್ನು ಗಾರೆ ಹೇಳುವುದಿಲ್ಲ. ಇಷ್ಟನ್ನು ಮಾಷ್ಟ್ರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರ ಅಪ್ಪ ಕಲ್ಲು ಹೊರಿಸುತ್ತಿದ್ದದ್ದನ್ನು ನಾನು ಶಾಲೆಗೆ ಹೋಗುವಾಗ ನೋಡಿದ್ದೇನೆ” ಎಂದರು. ಕಲ್ಲು ಹೊರಿಸಿದವರು ದುಡ್ಡು ಕೊಟ್ಟವರೇ ಆಗಬೇಕೆಂದಿಲ್ಲ, ಇದನ್ನು ಹೊರಗೆ ಹೇಳಬೇಡಿ ಎಂದು ಮಾಲೀಕರ ವಕೀಲರು ಸೂಚಿಸಿದರು. ಆದರೆ ಮಾತುಕತೆಗೆ ಕೂತುಕೊಳ್ಳೋಣ ಎಂದು ಮಾಷ್ಟ್ರು ಹೇಳಿದ್ದು ಅದರ ಮರುದಿನವೇ.

ರಾಜಿ

ಮಾತುಕತೆ ಹೋಟೆಲಿನ ಹಿಂದಿನ ಮೇಜಿನಲ್ಲಿ ಶುರುವಾಗಿ ಐದು ತಿಂಗಳು ನಡೆಯಿತು. ಮೊದಲು ಇಬ್ಬರು ತಾವಾಗಿಯೇ ಸರಿದರು. ಅಡಕೆ ವ್ಯಾಪಾರಿಗೆ ಲಾರಿ ನಿಲ್ಲುವ ಜಾಗ ಬೇಕಿತ್ತು. ಪೇಟೆಯ ಒಳಗೆ ಅದು ಎಂದಿಗೂ ಸಿಗದೆಂದು ಅವರಿಗೆ ಗೊತ್ತಿತ್ತು, ಹಣ ಪಡೆದು ಪೇಟೆಯ ಹೊರಗೆ ಗೋದಾಮು ಮಾಡಿಕೊಂಡರು. ಹೋಟೆಲಿಗೆ ಹೊಗೆಗೊಳವೆ, ಕೊಳಚೆನೀರಿನ ವ್ಯವಸ್ಥೆ ಎಂದೆಲ್ಲ ಹೊಸ ಕಟ್ಟಡದಲ್ಲಿ ಬೇರೆಯೇ ಖರ್ಚು ಬರುವುದಿತ್ತು. ಅವರ ಮಗನಿಗೆ ಆ ಕೆಲಸದಲ್ಲಿ ಮನಸ್ಸೂ ಇರಲಿಲ್ಲ.

ನಕ್ಷೆಯನ್ನು ಮತ್ತೆ ಬರೆಯಲು ಕೂತಾಗ ಹೊಳೆದದ್ದು ಸಣ್ಣ ಸಂಗತಿ. ಮೆಟ್ಟಿಲು ಮುಂದೆಯೇ ಯಾಕೆ ಬೇಕು? 4.5 ಮೀಟರ್ ಅಗಲದ ಆ ತುಂಡಿನಲ್ಲಿ ಮೆಟ್ಟಿಲನ್ನೂ ಲಿಫ್ಟನ್ನೂ ಮೂರೂವರೆ ಮೀಟರ್ ಹಿಂದಕ್ಕೆ ದೂಡಿದರೆ ಮುಂಭಾಗದಲ್ಲಿ 1.8 ಮೀಟರಿನ ಓಡಾಟದ ದಾರಿ ಸಾಕು. ಉಳಿಯುವ 2.7 ಮೀಟರ್ ಅಗಲ, 3.5 ಮೀಟರ್ ಆಳದ, ನೂರು ಚದರಡಿಯ ಒಂದು ಕೋಣೆ ಗಡಿಯಾರ ರಿಪೇರಿಯವರಿಗೆ ಅಳತೆ ತೆಗೆದು ಹೊಲಿದಂತಿತ್ತು. 32 ಚದರ ಮೀಟರಿನ ಹಳೆಯ ಕೋಣೆಯಲ್ಲಿ ಅವರು ಬಳಸುತ್ತಿದ್ದದ್ದು ಬಾಗಿಲ ಬಳಿಯ ಮೇಜೊಂದನ್ನೇ. ಹಿಂದೆಲ್ಲ ಕೆಟ್ಟ ಗೋಡೆಗಡಿಯಾರಗಳು ತೂಗುತ್ತಿದ್ದವು. 18 ಮೀಟರನ್ನು ನಾಲ್ಕರ ಬದಲು ಐದು ಮಾಡಿದೆ: ತಲಾ 3.6 ಮೀಟರ್. ಒಂದು ಜವಳಿಗೆ, ಒಂದು ಜೀನಸಿಗೆ, ಉಳಿದ ಮೂರನ್ನು ಒಟ್ಟು ಸೇರಿಸಿ ಮಾಲೀಕರ ದೊಡ್ಡ ಮಳಿಗೆಗೆ. ಪ್ರೆಸ್ಸಿಗೆ ರಸ್ತೆಯ ಮುಖ ಬೇಕಾಗಿರಲಿಲ್ಲ, ಯಂತ್ರದ ಭಾರಕ್ಕೆ ನೆಲ ಬೇಕಿತ್ತು. ದೊಡ್ಡ ಮಳಿಗೆಯ ಹಿಂಬದಿಯಿಂದ 3 ಮೀಟರ್ ಆಳವನ್ನು ಕತ್ತರಿಸಿ, ಹಿತ್ತಿಲಿಗೆ ಬಾಗಿಲಿಟ್ಟು, ಅವರಿಗೆ ಕೊಟ್ಟದ್ದಾಯಿತು. ಅದಕ್ಕೆ ಬದಲಾಗಿ 106ನೇ ಕಲಮಿನ ವಾದವನ್ನು ಅವರು ಬಿಟ್ಟುಕೊಟ್ಟರು.

ಜವಳಿಯವರು ಒಪ್ಪಲು ಹೆಚ್ಚು ಸಮಯ ಹಿಡಿಯಿತು. ಹಳೆಯ ಕೋಣೆ 344 ಚದರಡಿ, ಹೊಸದು 9 ಮೀಟರ್ ಆಳವಿರುವುದರಿಂದ 349; ಕಳೆದುಕೊಂಡದ್ದೇನೂ ಇಲ್ಲ ಎಂದು ನಾನು ಲೆಕ್ಕ ತೋರಿಸಿದೆ. ಅವರು ರಸ್ತೆಗೆ ಇಳಿದು, ತಮ್ಮ ಅಂಗಡಿಯ ಎದುರು ನಿಂತು, ಸೀರೆ ತೂಗುಹಾಕಿದ ಸಾಲನ್ನು ಎಣಿಸಿ, 40 ಸೆಂಟಿಮೀಟರ್ ಹೋದರೆ ಎರಡು ಸೀರೆ ಹೋಗುತ್ತದೆ ಎಂದರು. ಚದರಡಿಯಲ್ಲಿ ಬಾಡಿಗೆ ಹೇಳುವ ನಮಗೆ ಆ ಎರಡು ಸೀರೆ ಕಾಣುವುದಿಲ್ಲ. ಕೊನೆಗೆ ಅವರ ಕೋಣೆಯನ್ನು ಓಡಾಟದ ದಾರಿಯ ಪಕ್ಕಕ್ಕೆ ತಂದರೆ ಬದಿಗೋಡೆಯಲ್ಲಿ ಒಂದು ಗಾಜಿನ ಕಿಟಕಿ ಇಡಬಹುದೆಂದು ತೀರ್ಮಾನವಾಗಿ, ಗಡಿಯಾರದ ಕೋಣೆ ದಾರಿಯ ಆಚೆಬದಿಗೆ ಹೋಯಿತು.

ಬಾಡಿಗೆ ಮೊದಲ ಮೂರು ವರ್ಷ ಚದರಡಿಗೆ 24 ರೂಪಾಯಿ, ಬಳಿಕ ಮೂರು ವರ್ಷಕ್ಕೊಮ್ಮೆ ನೂರಕ್ಕೆ 15 ಏರಿಕೆ ಎಂದು ನಿಂತಿತು. ದೊಡ್ಡ ಮಳಿಗೆಯವರು ಕೊಡಲಿದ್ದ ದರದ ಅರ್ಧಕ್ಕಿಂತಲೂ ಇದು ಕಡಿಮೆ. ಹಾಗಿದ್ದರೂ ಜೀನಸಿನವರಿಗೆ 1,500 ಇದ್ದದ್ದು ಒಮ್ಮೆಲೇ 8,400ರ ಹತ್ತಿರ ಬಂತು. ಗೇಣಿಪತ್ರಗಳನ್ನು 11 ತಿಂಗಳಿಗೆಂದು ಬರೆದು ನೋಂದಣಿ ತಪ್ಪಿಸುವ ವಾಡಿಕೆಯನ್ನು ಇಲ್ಲಿ ಬಿಟ್ಟು, ಒಂಬತ್ತು ವರ್ಷಕ್ಕೆ ಬರೆದು ನೋಂದಣಿ ಮಾಡಿಸುವುದೆಂದಾಯಿತು.

ನನ್ನ ದೃಷ್ಟಿಯಲ್ಲಿ ಇಡೀ ರಾಜಿಯಲ್ಲಿ ತೂಕವಿದ್ದದ್ದು ಎರಡು ಅಂಶಗಳಿಗೆ. ನೆಲಮಟ್ಟದ ನಕ್ಷೆಯಲ್ಲಿ ಯಾವ ಕೋಣೆ ಯಾರದೆಂದು ಕೆಂಪು ಶಾಯಿಯಲ್ಲಿ ಬರೆದು, ಅಗಲ ಆಳಗಳನ್ನು ನಮೂದಿಸಿ, ಎಲ್ಲರೂ ಸಹಿ ಹಾಕಿದ ಹಾಳೆಯನ್ನು ರಾಜಿಪತ್ರಕ್ಕೆ ಲಗತ್ತಿಸಿ ನ್ಯಾಯಾಲಯದ ಆದೇಶದ ಭಾಗವಾಗಿ ಮಾಡಿದ್ದು ಒಂದು. ಕೆಲಸ 18 ತಿಂಗಳು ಮೀರಿದರೆ ಒಂದೊಂದು ತಿಂಗಳಿಗೂ ಪ್ರತಿಯೊಬ್ಬನಿಗೆ ಮಾಲೀಕರು 12,000 ರೂಪಾಯಿ ಕೊಡಬೇಕು ಎಂಬುದು ಇನ್ನೊಂದು. ಎರಡನೆಯದಕ್ಕೆ ಗುತ್ತಿಗೆದಾರರಿಂದ ಭಾರೀ ಆಕ್ಷೇಪ ಬಂತು. 500 ರೂಪಾಯಿಯ ದಂಡವನ್ನು ನಂಬಿ ಯಾರೂ ಬೀಗದ ಕೈ ಕೊಡುವುದಿಲ್ಲ ಎಂದು ಬಾಡಿಗೆದಾರರ ವಕೀಲರು ಹೇಳಿದ್ದಕ್ಕೆ ಉತ್ತರವಿರಲಿಲ್ಲ.

2024ರ ಮೇ ತಿಂಗಳಲ್ಲಿ, ಮಳೆಗಾಲದ ಹೊಸ್ತಿಲೆಂದು ತುಳುನಾಡಿನವರು ಎಣಿಸುವ ಪತ್ತನಾಜೆಯ ದಿನಕ್ಕೆ ಮೊದಲು ಮಾಡು ಇಳಿಯಬೇಕೆಂದು ಅವಸರ ಮಾಡಿ ಹಂಚು ತೆಗೆಸಿದೆವು. ಹಂಚನ್ನೂ ಗಟ್ಟಿಯಿದ್ದ ಪಕ್ಕಾಸುಗಳನ್ನೂ ಹಳೆ ಮರಮಟ್ಟಿನ ವ್ಯಾಪಾರಿ ಒಯ್ದರು. ಗೋಡೆಯ ಕೆಂಪುಕಲ್ಲುಗಳಲ್ಲಿ ಬಹುಪಾಲು ಮತ್ತೆ ಕಟ್ಟಲು ಯೋಗ್ಯವಾಗಿಯೇ ಇದ್ದವು. ಅವು ಹಿತ್ತಿಲಿನ ಆವರಣಗೋಡೆಯಾದವು. ಕೆಲಸ ಮುಗಿದು ಕಟ್ಟಡ ನಂಬ್ರ ಸಿಗುವಾಗ 19 ತಿಂಗಳಾಗಿತ್ತು. ಹೆಚ್ಚಾದ ಒಂದು ತಿಂಗಳ ಹಣವನ್ನು ಮಾಲೀಕರು ತಕರಾರಿಲ್ಲದೆ ಕೊಟ್ಟರು. ಈ ನಡುವೆ ಜವಳಿ, ಗಡಿಯಾರ, ಪ್ರೆಸ್ ಮೂರೂ ಬೇರೆ ಕಡೆ ಹೇಗೋ ನಡೆದವು. ಜೀನಸಿನವರಿಗೆ ಕೋಣೆ ಸಿಗದೆ ಅಂಗಡಿ ಮುಚ್ಚಿಯೇ ಇತ್ತು. ತಿಂಗಳ ಸಾಮಾನಿನ ಲೆಕ್ಕವಿಟ್ಟಿದ್ದ ಮನೆಗಳಲ್ಲಿ ಎಷ್ಟೋ ಮನೆಗಳು ಆ ಹೊತ್ತಿಗೆ ಬೇರೆ ಅಂಗಡಿ ಹಿಡಿದಿದ್ದವು.

ಏಳನೆಯ ಕೋಣೆ

ಟೈಲರ ವಿಷಯವನ್ನು ಇಷ್ಟರ ತನಕ ಹೇಳಲಿಲ್ಲ. ರಾಜಿಪತ್ರದಲ್ಲಿ ಅವರ ಹೆಸರಿಲ್ಲ.

ಕೊನೆಯ ಕೋಣೆಯ ಬಾಡಿಗೆ ರಶೀದಿ ಮೊದಲಿನಿಂದಲೂ ಅವರ ಮಾವನ ಹೆಸರಿನಲ್ಲಿತ್ತು. ಮಾವ ಗಲ್ಫಿಗೆ ಹೋಗುವಾಗ ಯಂತ್ರವನ್ನೂ ಕೋಣೆಯನ್ನೂ ಇವರಿಗೆ ಒಪ್ಪಿಸಿದ್ದರು. ಅಲ್ಲಿಂದ 26 ವರ್ಷ ಇವರು ತಿಂಗಳು ತಿಂಗಳೂ ಬಾಡಿಗೆ ಕೊಟ್ಟು, ಮಾವನ ಹೆಸರಿನ ರಶೀದಿಯನ್ನೇ ಪಡೆಯುತ್ತ ಬಂದರು. ಹೆಸರು ಬದಲಿಸಿಕೊಡಿ ಎಂದು ಕೇಳಲಿಲ್ಲ, ಮಾಷ್ಟ್ರಿಗೂ ಅದು ತೋಚಲಿಲ್ಲ. ಕಾಯ್ದೆಯ ಕಣ್ಣಿನಲ್ಲಿ ಇದು ಮಾಲೀಕರ ಒಪ್ಪಿಗೆಯಿಲ್ಲದೆ ಕೋಣೆಯನ್ನು ಬೇರೆಯವರಿಗೆ ಬಿಟ್ಟುಕೊಟ್ಟದ್ದು, ಅದೇ 11ನೇ ಕಲಮಿನಲ್ಲಿ ಖಾಲಿ ಮಾಡಿಸಲು ಬೇರೆಯೇ ಒಂದು ಕಾರಣ. ಮಾಲೀಕರ ವಕೀಲರು ನೇರ ಮಾವನಿಗೆ ಬರೆದರು. ಮಾವ ಒಂದು ಮೊತ್ತಕ್ಕೆ ಹಕ್ಕು ಬಿಟ್ಟು ಸಹಿ ಹಾಕಿ ಕಳುಹಿಸಿದರು. ಟೈಲರಿಗೆ ಇದು ತಿಳಿದದ್ದು ಕೆಂಪು ಶಾಯಿಯ ನಕ್ಷೆಯನ್ನು ನೋಡಿದಾಗ.

ಮಾಷ್ಟ್ರಿಗೆ ಇದು ಹಿತವಾಗಲಿಲ್ಲ. ಮೊದಲ ಅಂತಸ್ತಿನಲ್ಲಿ ಒಂದು ಕೋಣೆಯನ್ನು ಅದೇ 24ರ ದರದಲ್ಲಿ ಕೊಡುತ್ತೇನೆ ಎಂದರು. ಗಿರಾಕಿಗಳಲ್ಲಿ ಹೆಚ್ಚಿನವರು ರವಿಕೆ ಹೊಲಿಸುವ ವಯಸ್ಸಾದ ಹೆಂಗಸರು, ಲಿಫ್ಟಿದ್ದರೂ ಹತ್ತಲಾರರು ಎಂದು ಟೈಲರು ಒಪ್ಪಲಿಲ್ಲ. ಹಾಗಾದರೆ ಮೆಟ್ಟಿಲಿನ ಕೆಳಗೆ ಒಂದು ಯಂತ್ರ ಇಟ್ಟು ಕೂರಲಿ ಎಂದು ಮಾಷ್ಟ್ರು ನನ್ನನ್ನು ಕೇಳಿದರು. ಅದು ಬೆಂಕಿ ಬಿದ್ದರೆ ಜನ ಹೊರಗೆ ಓಡುವ ದಾರಿ, ಆಗುವುದಿಲ್ಲ ಎಂದೆ. ಮುಂದಿನ 3 ಮೀಟರಿನಲ್ಲಿ? ಅಲ್ಲಿ ಏನನ್ನೂ ಇಡುವಂತಿಲ್ಲ ಎಂದೂ ನಾನೇ ಹೇಳಬೇಕಾಯಿತು. ಹಳೆಯ ಕಟ್ಟಡದಲ್ಲಿ ಆ 3 ಮೀಟರಿನಲ್ಲೇ ಜಗಲಿಯೂ, ಕೋಣೆಯ ಮುಂಭಾಗವೂ, ಅವರ ಯಂತ್ರವೂ ಇದ್ದದ್ದು.

ಈಗ ಅವರು ಅರ್ಧ ಕಿಲೋಮೀಟರ್ ಆಚೆ ಒಂದು ಮನೆಯ ಹೊರಕೋಣೆಯಲ್ಲಿ ಹೊಲಿಯುತ್ತಾರೆ. ಹಳೆಯ ಗಿರಾಕಿಗಳು ಬಟ್ಟೆಯನ್ನೂ ಅಳತೆಯ ರವಿಕೆಯನ್ನೂ ಜೀನಸು ಅಂಗಡಿಯಲ್ಲಿ ಬಿಟ್ಟು ಹೋಗುತ್ತಾರೆ. ತಕ್ಕಡಿಯ ಹಿಂದಿನ ಮೊಳೆಯಲ್ಲಿ ಅದಕ್ಕೆಂದೇ ಒಂದು ಚೀಲ ತೂಗುತ್ತದೆ. ಸಂಜೆ ಎಂಟೂವರೆಗೆ ಶಟರು ಇಳಿಯುವುದರೊಳಗೆ ಬಂದು ಒಯ್ಯಬೇಕು. ಮೊದಲಾದರೆ ಒಂಬತ್ತು ಹಲಗೆ ಏರಿಸುವ ತನಕ ಸಮಯವಿರುತ್ತಿತ್ತು, ಇದು ಒಂದೇ ಎಳೆತಕ್ಕೆ ಮುಚ್ಚುತ್ತದೆ ಎಂದು ಹೋದ ವಾರ ಸಿಕ್ಕಾಗ ಟೈಲರು ಹೇಳಿದರು.